ಗ್ರೀಕಿನ ‘ಮಿಡ್ಲ್ ವಾಯ್ಸ್’ಗೆ ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಥಿಯಾಲಜಿ ಕಾಲೇಜಿಗೆ ಸೇರುವ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗಾಗಿ ಹೊಸ ಒಡಂಬಡಿಕೆಯ ಗ್ರೀಕ್ ವ್ಯಾಕರಣದ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು ಪಾರಿಭಾಷಿಕ ಪದದ ವಿಷಯದಲ್ಲಿ ನಿಮ್ಮ ಸಲಹೆ ಬೇಕಿತ್ತು.

ಗ್ರೀಕ್ ಕ್ರಿಯಾಪದಕ್ಕೆ ಮೂರು ಪ್ರಯೋಗಗಳು. ಕರ್ತರಿ, ಕರ್ಮಣಿ ನಮ್ಮ ಹೈಸ್ಕೂಲ್ ವ್ಯಾಕರಣದಲ್ಲೇ ಇವೆ. ಮೂರನೆಯದು ಇಂಗ್ಲಿಷಿನವರು ಮಿಡ್ಲ್ ವಾಯ್ಸ್ ಅನ್ನುವುದು. ಮಾಡಿದ ಕೆಲಸ ಮಾಡಿದವನಿಗೇ ತಗಲುವಂಥದ್ದು, ಇಲ್ಲವೇ ಅವನ ಸಲುವಾಗಿಯೇ ಆಗುವಂಥದ್ದು. ಇಂಗ್ಲಿಷಿನಲ್ಲಿ ಇದಕ್ಕೆ ಬೇರೆ ರೂಪವಿಲ್ಲ. ಆದ್ದರಿಂದ ಇಂಗ್ಲಿಷ್ ಪಠ್ಯಪುಸ್ತಕಗಳು ಈ ಪಾಠಕ್ಕೆ ಬಂದಾಗ ಸುತ್ತಿ ಬಳಸಿ ವಿವರಿಸುತ್ತವೆ, ನಮ್ಮ ಹುಡುಗರು ಆ ಸುತ್ತುಬಳಸನ್ನೇ ಬಾಯಿಪಾಠ ಮಾಡುತ್ತಾರೆ. ಕನ್ನಡದಲ್ಲಿ ‘ಕೊಳ್ಳು’ ಇದೆಯಲ್ಲ!

ಎರಡು ಜೋಡಿ ನೋಡಿ. ಯೋಹಾನ 13ರಲ್ಲಿ ಯೇಸು ಶಿಷ್ಯರ ಕಾಲು ತೊಳೆಯುತ್ತಾನೆ. ಅಲ್ಲಿ ಕರ್ತರಿ ರೂಪ, ‘ನಿಪ್ತೆಯ್ನ್’. ಮತ್ತಾಯ 27ರಲ್ಲಿ ಪಿಲಾತ ಜನರ ಮುಂದೆ ಕೈ ತೊಳೆದುಕೊಳ್ಳುತ್ತಾನೆ. ಅದೇ ಧಾತು, ಆದರೆ ‘ಅಪೆನಿಪ್ಸತೊ’, ಮೂರನೆಯ ಪ್ರಯೋಗ. ಪೋಲಿಹೋದ ಮಗನ ಕಥೆಯಲ್ಲಿ ತಂದೆ ಆಳುಗಳಿಗೆ ‘ಎನ್‌ದೂಸತೆ’ ಅನ್ನುತ್ತಾನೆ, ಅಂದರೆ ಇವನಿಗೆ ತೊಡಿಸಿ. ರೋಮ 13:14ರಲ್ಲಿ ಪೌಲ ‘ಎನ್‌ದೂಸಸ್ಥೆ’ ಅಂದಾಗ ಅದು ಕ್ರಿಸ್ತನನ್ನು ಧರಿಸಿಕೊಳ್ಳಿ ಎಂದಾಗುತ್ತದೆ. ಮತ್ತಾಯ 27:5ರ ಯೂದನ ಸಾವನ್ನಂತೂ ಬಿಡಿಸಿ ಹೇಳಬೇಕಿಲ್ಲ: ‘ನೇಣು ಹಾಕಿದ’ ಎಂದರೆ ಕೊಲೆ, ‘ನೇಣು ಹಾಕಿಕೊಂಡ’ ಎಂದರೆ ಆತ್ಮಹತ್ಯೆ. ಗ್ರೀಕ್ ಒಂದು ಪ್ರತ್ಯಯದಲ್ಲಿ ಮುಗಿಸಿದ್ದನ್ನು ನಾವು ಒಂದು ‘ಕೊಂಡ’ದಲ್ಲಿ ಮುಗಿಸುತ್ತೇವೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಪೊಸ್ತಲರ ಕೃತ್ಯಗಳು 22:16. ಅನನೀಯ ಸೌಲನಿಗೆ ಹೇಳುವ ಆ ಒಂದೇ ಮಾತಿನಲ್ಲಿ ಈ ಪ್ರಯೋಗ ಮೂರು ಸಲ ಬರುತ್ತದೆ. ಕನ್ನಡದಲ್ಲಿ ಹೇಳಿ ನೋಡಿ: ಆತನ ಹೆಸರನ್ನು ಹೇಳಿಕೊಂಡು ದೀಕ್ಷಾಸ್ನಾನ ಮಾಡಿಸಿಕೋ, ಪಾಪಗಳನ್ನು ತೊಳೆದುಕೋ. ಮೂರಕ್ಕೆ ಮೂರೂ ಬಂತು. ಅದರಲ್ಲೂ ‘ಮಾಡಿಸಿಕೋ’ ಗಮನಿಸಿ. ಸ್ನಾನ ಮಾಡಿಸುವವನು ಇನ್ನೊಬ್ಬ, ಒಪ್ಪಿ ಮುಂದೆ ಬರುವವನು ಇವನು. ‘-ಇಸು’ ಮತ್ತು ‘ಕೊಳ್ಳು’ ಸೇರಿ ಎರಡನ್ನೂ ಹೇಳಿಬಿಡುತ್ತವೆ.

ಹೆಸರಿಗೆ ಬಂದರೆ, ‘ಮಧ್ಯಮ ಪ್ರಯೋಗ’ ಎಂದು ನೇರವಾಗಿ ಇಳಿಸಿದವರಿದ್ದಾರೆ. ನನಗೆ ಸರಿ ಕಾಣುವುದಿಲ್ಲ. ಮಧ್ಯಮ ಪುರುಷ ಆಗಲೇ ಇದೆ; ‘ಮಧ್ಯಮ ಪ್ರಯೋಗ, ಮಧ್ಯಮ ಪುರುಷ, ಏಕವಚನ’ ಎಂದು ಪದಚ್ಛೇದ ಬರೆಯುವ ಹುಡುಗ ಎಡವದೆ ಇರುತ್ತಾನೆಯೆ? ಸಂಸ್ಕೃತ ಓದಿದವರು ‘ಆತ್ಮನೇಪದ’ ಅನ್ನುತ್ತಾರೆ. ಶಾಸ್ತ್ರೀಯವಾಗಿ ಒಳ್ಳೆಯ ಪದ. ಪುರೋಹಿತ ಇನ್ನೊಬ್ಬರಿಗಾಗಿ ಮಾಡಿದರೆ ಯಜತಿ, ಯಜಮಾನ ತನಗಾಗಿ ಮಾಡಿದರೆ ಯಜತೇ ಎಂಬ ವ್ಯತ್ಯಾಸ ಗ್ರೀಕಿನದಕ್ಕೆ ಸಮೀಪದ ನಂಟು. ಆದರೆ ಸಂಸ್ಕೃತದ ಗಂಧವಿಲ್ಲದವನಿಗೆ ಅದು ಗ್ರೀಕಿನಷ್ಟೇ ದೂರ. ಮೇಲಾಗಿ ಚರ್ಚಿನ ಕನ್ನಡದಲ್ಲಿ ಆತ್ಮ ಎಂದರೆ ಮೊದಲು ನೆನಪಾಗುವುದು ಪವಿತ್ರಾತ್ಮ. ಥಿಯಾಲಜಿ ತರಗತಿಯಲ್ಲಿ ಆತ್ಮನೇಪದ ಎಂದರೆ ಎಲ್ಲಿಗೆ ಹೋಗಿ ನಿಲ್ಲುತ್ತದೋ! ನನ್ನ ಒಲವು ‘ಕೊಳ್ಳು-ರೂಪ’ ಎಂಬುದರ ಕಡೆಗೆ.

ಗ್ರೀಕ್ ಬಲ್ಲವರು ಕನ್ನಡ ವ್ಯಾಕರಣಕ್ಕೆ ಕೈಹಾಕಿದ್ದು ಹೊಸತೇನಲ್ಲ. ಬಾಸೆಲ್ ಮಿಶನ್ನಿನ ಕಿಟ್ಟೆಲ್ 1872ರಲ್ಲಿ ಶಬ್ದಮಣಿದರ್ಪಣ ಸಂಪಾದಿಸಿದರು, 1894ರಲ್ಲಿ ನಿಘಂಟು, 1903ರಲ್ಲಿ ವ್ಯಾಕರಣ ತಂದರು. ಕನ್ನಡದ ಕಡೆಯಿಂದ ಗ್ರೀಕಿಗೆ ಹೋಗುವ ದಾರಿಯಲ್ಲಿ ಮಾತ್ರ ಓಡಾಟ ಕಡಿಮೆ. ಲಿಪಿಯೂ ನಮ್ಮ ಕಡೆಗಿದೆ: ಎ-ಏ, ಒ-ಓ ಭೇದ ನಮ್ಮಲ್ಲಿ ಇರುವುದರಿಂದ ಗ್ರೀಕಿನ ಹ್ರಸ್ವ-ದೀರ್ಘ ಸ್ವರಾಕ್ಷರಗಳಾದ ಎಪ್ಸಿಲಾನ್-ಈಟ, ಒಮಿಕ್ರಾನ್-ಒಮೆಗ ತೋರಿಸಲು ಹೊಸ ಚಿಹ್ನೆ ಬೇಡ. ‘ಲೊಗೊಸ್’ ಎಂದು ಬರೆದರೆ ಎರಡೂ ಹ್ರಸ್ವ, ಅಷ್ಟೆ. (‘ಲೋಗೋಸ್’ ಎಂದು ಬರೆಯುವವರು ದಯವಿಟ್ಟು ನಿಲ್ಲಿಸಿ.)

ತೊಡಕುಗಳೂ ಇವೆ. ರೂಪದಲ್ಲಿ ಮೂರನೆಯ ಪ್ರಯೋಗ, ಅರ್ಥದಲ್ಲಿ ಬರೀ ಕರ್ತರಿ ಎನಿಸುವ ಕ್ರಿಯಾಪದಗಳು ಗ್ರೀಕಿನಲ್ಲಿ ಬಹಳ. ‘ದೆಖೊಮಾಯ್’ಗೆ ಬರಮಾಡಿಕೊಳ್ಳು, ‘ಲೊಗಿಜೊಮಾಯ್’ಗೆ ಅಂದುಕೊಳ್ಳು ಎಂದು ಹೊಂದಿಸಬಹುದು. ‘ಎರ್ಖೊಮಾಯ್’ಗೆ ಏನು ಮಾಡೋಣ? ಅದರ ಅರ್ಥ ಬರು. ‘ಬಂದುಕೊಳ್ಳು’ ಯಾರೂ ಅನ್ನುವುದಿಲ್ಲ. ಇನ್ನೊಂದು ಕಡೆ ನಮ್ಮ ‘ಹಾಡಿಕೊಂಡು ಹೋದ’ದಲ್ಲಿರುವ ‘ಕೊಂಡು’ಗೂ ಈ ಪ್ರಯೋಗಕ್ಕೂ ಸಂಬಂಧವಿಲ್ಲ, ಅಂಥ ಕಡೆ ಗ್ರೀಕ್ ಕೃದಂತ ಬಳಸುತ್ತದೆ. ಇವೆರಡಕ್ಕೂ ಒಂದೊಂದು ಎಚ್ಚರಿಕೆಯ ಮಾತು ಬರೆದರೆ ಸಾಕು ಅಂದುಕೊಂಡಿದ್ದೇನೆ.

ನಿಜವಾದ ಪ್ರಶ್ನೆ ಇರುವುದು ಯಾಕೋಬ 4:3ರಲ್ಲಿ. ಅಲ್ಲಿ ಒಂದೇ ವಾಕ್ಯದಲ್ಲಿ ಮೊದಲು ಕರ್ತರಿ ‘ಅಯ್ತೆಯ್ತೆ’, ಆಮೇಲೆ ‘ಅಯ್ತೆಯ್ಸ್ಥೆ’. ನೀವು ಬೇಡಿದರೂ ಸಿಗುವುದಿಲ್ಲ, ಏಕೆಂದರೆ ನಿಮ್ಮ ಭೋಗಗಳಿಗೆ ಸುರಿಯಬೇಕೆಂಬ ಕೆಟ್ಟ ಉದ್ದೇಶದಿಂದ ಬೇಡುತ್ತೀರಿ ಎಂಬುದು ತಾತ್ಪರ್ಯ. ಎರಡನೆಯದನ್ನು ‘ಬೇಡಿಕೊಳ್ಳುತ್ತೀರಿ’ ಎಂದು ಇಳಿಸಬಹುದೆ? ನನ್ನ ಕಿವಿಗೆ ‘ಬೇಡಿಕೊಳ್ಳು’ ಎಂದರೆ ದೈನ್ಯ, ಅಂಗಲಾಚುವುದು. ಸ್ವಾರ್ಥದ ಛಾಯೆ ಅದರಲ್ಲಿ ಇಲ್ಲ. ಧಾರವಾಡದ ಕಡೆ, ಕರಾವಳಿಯ ಕಡೆ ಈ ಪದಕ್ಕೆ ಬೇರೆ ಬಳಕೆ ಇದೆಯೆ? ‘ಕೇಳಿಸಿಕೊಳ್ಳು’ ಬೇರೆಯೇ ಆಯಿತು. ‘ಕೇಳಿ ತಗೊಳ್ಳು’ ನಡೆದೀತೆ? ನಿಮ್ಮೂರಿನ ಮಾತಿನಿಂದ ಉದಾಹರಣೆ ಕೊಟ್ಟು ಬರೆದರೆ ಉಪಕಾರ.