ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನಿಜಕ್ಕೂ ಎಷ್ಟು ಹೊತ್ತು?

ಪ್ರಶ್ನೆ: ಅಪ್ಪ ಅಮ್ಮ ಮಾರ್ಚ್ ಕೊನೆಗೆ ಮೊದಲ ಸಲ ತಂಗಿ ಮನೆಗೆ ಹೊರಟಿದ್ದಾರೆ. ದೂರ 14,000 ಕಿ.ಮೀ. ಅಂತ ಒಂದು ಕಡೆ ಇದೆ, 17 ಗಂಟೆ ಅಂತ ಇನ್ನೊಂದು ಕಡೆ. ಟಿಕೆಟ್ ನೋಡಿದರೆ 24 ಗಂಟೆ. ಬೆಳಗಿನ ಜಾವ 3ಕ್ಕೆ ಹೊರಟು ಅದೇ ದಿನ ಮಧ್ಯಾಹ್ನ ಇಳಿಯುತ್ತಾರಂತೆ! ಹೋಗಿಬಂದವರು ಸ್ವಲ್ಪ ಬಿಡಿಸಿ ಹೇಳ್ತೀರಾ?

ಮಲ್ಲೇಶ್ವರದಿಂದ: ಎಲ್ಲವೂ ಸರಿಯೇ. 14,000 ಅನ್ನೋದು ಗ್ಲೋಬಿನ ಮೇಲೆ ದಾರ ಹಿಡಿದರೆ ಬರುವ ದೂರ. ಆ ದಾರ ಉತ್ತರ ಧ್ರುವದ ಹತ್ತಿರ ಹಾದುಹೋಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಅಲ್ಲಿಂದ ಇಲ್ಲಿಗೆ ಧ್ರುವದ ಮೇಲಿಂದಲೇ ವಿಮಾನ ತಂದಿದ್ದರು. 17 ಗಂಟೆ ಅಂಥ ನೇರ ವಿಮಾನದ ಲೆಕ್ಕ. ಅದು ಎಲ್ಲ ಕಾಲಕ್ಕೂ ಇರುವುದಿಲ್ಲ, ನಿಮ್ಮ ತಾರೀಖಿಗೆ ಇದೆಯಾ ನೋಡಿ. ಫ್ರಾಂಕ್‌ಫರ್ಟ್ ಮೇಲೆ ಹೋದರೆ 7,400 ಮತ್ತು 9,150 ಕಿ.ಮೀ. ಮೊದಲ ಹಾರಾಟ ಸುಮಾರು 10 ಗಂಟೆ, ಎರಡನೆಯದು 11 ಚಿಲ್ಲರೆ. ಮಧ್ಯೆ ಮೂರು ಗಂಟೆ ಕಾದರೆ 24 ಆಯ್ತಲ್ಲ. ಕಿಲೋಮೀಟರ್ ಬಿಡಿ, ಕಾಯುವ ಹೊತ್ತು ನೋಡಿ ಟಿಕೆಟ್ ಆರಿಸಿ. ಅದೇ 3 ಗಂಟೆಯಿಂದ 12ಕ್ಕೂ ಏರುತ್ತದೆ.

ಇನ್ನು ಗಡಿಯಾರ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅವರು ನಮಗಿಂತ 12½ ಗಂಟೆ ಹಿಂದೆ, ಉಳಿದ ದಿನ 13½. ಹಾಗಾಗಿ ನಿಮ್ಮವರು ಇಳಿಯುವಾಗ ಅಲ್ಲಿ ಅದೇ ದಿನ ಮಧ್ಯಾಹ್ನ 2:30. ವಾಪಸ್ ಬರುವಾಗ ಉಲ್ಟಾ. ಸೋಮವಾರ ಸಂಜೆ ಹತ್ತಿದವರು ಇಲ್ಲಿ ಬುಧವಾರ ಬೆಳಿಗ್ಗೆ ಇಳಿಯುತ್ತಾರೆ.

ಜಯನಗರದಿಂದ: ನಾನು ಮಗನ ಮನೆಗೆ ಹೋಗಿಬಂದವಳು. ಮಂಡಿ ನೋವಿದ್ದರೆ ಒಂದೇ ಸಮ 17 ಗಂಟೆ ಕೂರಿಸಬೇಡಿ. ಸಿಂಗಾಪುರದ ದಾರಿಯೂ ಅಷ್ಟೆ, ಮೊದಲು ನಾಲ್ಕೂವರೆ ಗಂಟೆ, ಆಮೇಲೆ 13,600 ಕಿ.ಮೀ. ಒಂದೇ ಉಸಿರಿಗೆ. ಫ್ರಾಂಕ್‌ಫರ್ಟ್‌ನಲ್ಲಾದರೆ ಅರ್ಧಕ್ಕೆ ಎದ್ದು ಓಡಾಡಬಹುದು. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ, ಅದಕ್ಕೆ ದುಡ್ಡಿಲ್ಲ. ನಡೆಯೋಕೆ ಬರುತ್ತಲ್ಲ ಅಂತ ನಿಮ್ಮಪ್ಪ ಖಂಡಿತ ಬೇಡ ಅಂತಾರೆ, ಅವರ ಮಾತು ಕೇಳಬೇಡಿ. ಭಾಷೆ ಬರದಿದ್ದರೂ ಮುಂದಿನ ಗೇಟಿನವರೆಗೆ ಕರೆದುಕೊಂಡು ಹೋಗುತ್ತಾರೆ. ವೆಜ್ ಊಟ ಮೊದಲೇ ಬರೆಸಿ. ಮಾತ್ರೆ ಕೈಚೀಲದಲ್ಲಿರಲಿ, ನಾಲ್ಕು ಕೋಡುಬಳೆಯೂ ಇರಲಿ.

ಆರ್.ಟಿ. ನಗರದಿಂದ: ನನಗೆ ಜಯನಗರದ ಅಮ್ಮನವರ ಮಾತು ಪೂರ್ತಿ ಒಪ್ಪಿಗೆ ಇಲ್ಲ. ನಮ್ಮತ್ತೆ ವಿಮಾನ ಬದಲಿಸುವುದಕ್ಕೇ ಹೆದರುತ್ತಾರೆ. ಅಂಥವರಿಗೆ ನೇರ ವಿಮಾನ ಸಿಕ್ಕರೆ ಅದೇ ವಾಸಿ.

ಎಲೆಕ್ಟ್ರಾನಿಕ್ ಸಿಟಿಯಿಂದ: 28ನೇ ತಾರೀಖು ಬೆಳಗಿನ ಜಾವ 3 ಅಂದರೆ 27ರ ರಾತ್ರಿಯೇ ಮನೆ ಬಿಡಬೇಕು. ಇದರಲ್ಲಿ ಏಮಾರುವವರು ಬಹಳ. 12ಕ್ಕೆಲ್ಲ ಟರ್ಮಿನಲ್ 2ರಲ್ಲಿರಿ. ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿರಲಿ, ಮೊದಲನೆಯದು ತಡವಾದರೆ ಮುಂದಿನದಕ್ಕೆ ಹತ್ತಿಸುವ ಜವಾಬ್ದಾರಿ ವಿಮಾನ ಕಂಪನಿಯವರದ್ದೇ. ನ್ಯೂಯಾರ್ಕ್ ಮೇಲೆ ಹೋಗುವ ಟಿಕೆಟ್ ಅಗ್ಗಕ್ಕೆ ಸಿಕ್ಕರೂ ವಯಸ್ಸಾದವರಿಗೆ ಬೇಡ. ಅಮೆರಿಕದಲ್ಲಿ ಮೊದಲು ಇಳಿದ ಊರಲ್ಲೇ ಇಮಿಗ್ರೇಷನ್ ಮುಗಿಸಿ, ಪೆಟ್ಟಿಗೆ ಇಳಿಸಿಕೊಂಡು ಮತ್ತೆ ಒಪ್ಪಿಸಬೇಕು.