ಗುಂಡು ಬಿದ್ರೂ ಜಿಂಕೆ ಓಡೋಗ್ತಿದೆ, ಸ್ಕೋಪ್ ಸರಿ ಇದೆ, ಏನ್ ಪ್ರಾಬ್ಲಮ್ಮು?

ಆಸ್ಟಿನ್_ಗೌಡ
ತಲೆ ಕೆಟ್ಟೋಗಿದೆ, ಯಾರಾದ್ರೂ ಹೇಳಿ. ನನ್ .308 ರೈಫಲ್ಲು 100 ಗಜದಲ್ಲಿ ಐದೂ ಗುಂಡನ್ನ ಒಂದ್ರೂಪಾಯಿ ನಾಣ್ಯ ಮುಚ್ಚೋ ಅಷ್ಟು ಜಾಗದಲ್ಲೇ ಹಾಕತ್ತೆ, ಆದ್ರೆ ಜಿಂಕೆಗೆ ಹೊಡೆದ್ರೆ ಏನೂ ಆಗೇ ಇಲ್ಲ ಅನ್ನೋ ಥರ ಓಡೋಗತ್ತೆ. ಶನಿವಾರ ಸಂಜೆ ವೈಟ್‌ಟೇಲ್ ಜಿಂಕೆ ಒಂದು ಅಡ್ಡಡ್ಡ ನಿಂತಿತ್ತು, ಮುಂಗಾಲಿನ ಹಿಂದೇನೇ ಗುರಿ ಇಟ್ಟು ಹೊಡೆದೆ, ಒಂದ್ಸಲ ಜಿಗೀತು, ಸೀದಾ ಸೀಡರ್ ಪೊದೆಗೆ ನುಗ್ತು. ನೆಲದ ಮೇಲೆ ಒಂದ್ ಹನಿ ರಕ್ತ ಇಲ್ಲ. ಟಾರ್ಚ್ ಹಿಡ್ಕೊಂಡು ಹುಡುಕಿ ಸಾಕಾಯ್ತು, ಬೆಳಿಗ್ಗೆ ರ‍್ಯಾಂಚ್ ಓನರ್ ನಾಯಿ ತಂದ್ಮೇಲೆ ಸಿಕ್ತು, ಅಷ್ಟ್ರಲ್ಲಿ ಹಿಂಭಾಗ ಎಲ್ಲ ಕಯೋಟಿ (ಇಲ್ಲಿನ ನರಿ ಥರದ ಪ್ರಾಣಿ) ತಿಂದಾಗಿತ್ತು. ಹಂದಿಗೂ ಹಿಂಗೇ ಆಗಿತ್ತು. ರೈಫಲ್ ಮಾರ್ಬಿಡ್ಲಾ?

ಟಾರ್ಕ್_ರೆಂಚ್
ಸ್ಕೋಪ್ ರಿಂಗ್ ಸ್ಕ್ರೂ ನೋಡಿ ಮೊದ್ಲು. ಟ್ರಕ್ ಹಿಂದೆ ಹಾಕ್ಕೊಂಡು ರ‍್ಯಾಂಚ್ ರೋಡಲ್ಲಿ ಹೋದ್ರೆ ಬೇಸ್ ಲೂಸ್ ಆಗತ್ತೆ, ಗುಂಡು ಹೊಟ್ಟೆಗೆ ಬಿದ್ದಿರತ್ತೆ.

ಆಸ್ಟಿನ್_ಗೌಡ
ಸ್ಕೋಪ್ ಸರಿ ಇದೆ ಅಂತ ಮೇಲೇ ಬರ್ದಿದೀನಲ್ಲ ಸರ್. ಭಾನುವಾರ ಮತ್ತೆ ರೇಂಜ್‌ಗೆ ಹೋಗಿ ಹೊಡೆದು ನೋಡ್ದೆ, ಅದೇ ಜಾಗ.

ಟಾರ್ಕ್_ರೆಂಚ್
ರೇಂಜ್‌ನಲ್ಲಿ ಬೆಂಚ್ ಮೇಲೆ ಇಟ್ಟು ಹೊಡಿಯೋದು ಬೇರೆ. ರಿಂಗ್ ಬಿಚ್ಚಿ, ಎಣ್ಣೆ ಒರೆಸಿ, ಇಂಚ್ ಪೌಂಡ್ ಲೆಕ್ಕದಲ್ಲಿ ಟೈಟ್ ಮಾಡಿ. ಇಂಥ ಕೇಸ್ ತುಂಬಾ ನೋಡಿದೀನಿ.

ರೀಲೋಡರ್_ರಾವ್
ಗೌಡ್ರೇ, ಯಾವ ಗುಂಡು ಅನ್ನೋದನ್ನೇ ಬರೀಲಿಲ್ವಲ್ಲ. ಪ್ರಾಣಿ ಸಿಕ್ಕಾಗ ತೂತು ಹೆಂಗಿತ್ತು, ಅದನ್ನೂ ಹೇಳಿ.

ಆಸ್ಟಿನ್_ಗೌಡ
ಮಾಮೂಲಿ 168 ಗ್ರೇನ್ (ಗುಂಡಿನ ತೂಕ) ಹಾಲೋ ಪಾಯಿಂಟ್ ಸರ್, ಮೂತೀಲಿ ತೂತು ಇರೋದು, ಬಾಕ್ಸ್ ಮೇಲೆ ಮ್ಯಾಚ್ (ಗುರಿ ಪಂದ್ಯದ್ದು) ಅಂತಿದೆ, ರೇಂಜ್‌ನಲ್ಲಿ ಎಲ್ರೂ ಹೊಡಿಯೋದು ಅದೇ. ಗುಂಡು ಮುಂಗಾಲ ಹಿಂದೆ ಪಕ್ಕೆಲುಬಿನ ಸಂದಲ್ಲೇ ಹೋಗಿದೆ. ಒಳಗೆ ಹೋದ ತೂತು ಹೊರಗೆ ಬಂದ ತೂತು ಎರಡೂ ಒಂದೇ ಅಳತೆ, ಕಿರುಬೆರಳೂ ಹೋಗಲ್ಲ. ಶ್ವಾಸಕೋಶ ತೆಗೆದು ನೋಡಿದ್ರೆ ಅಲ್ಲೂ ಅಷ್ಟೇ ಸಣ್ಣ ದಾರಿ.

ಟಾರ್ಕ್_ರೆಂಚ್
ಹಾಲೋ ಪಾಯಿಂಟ್ ಅಂದ್ಮೇಲೆ ಬಿರಿದೇ ಬಿರಿಯತ್ತೆ, ಅಂದ್ರೆ ಗುಂಡು ಸರಿ ಇದೆ.

ರೀಲೋಡರ್_ರಾವ್
ಇಲ್ಲ ಸರ್, ಇಲ್ಲೇ ಇರೋದು ವಿಷಯ. ಮ್ಯಾಚ್ ಗುಂಡಿನ ಮೂತೀಲಿರೋ ತೂತು ಬಿರಿಯೋಕೆ ಅಂತ ಮಾಡಿರೋದಲ್ಲ. ತಾಮ್ರದ ಬಟ್ಟಲಿಗೆ ಮುಂದಿಂದ ಸೀಸ ತುಂಬಿ ಆಮೇಲೆ ಮೂತಿ ಚೂಪು ಮಾಡ್ತಾರೆ, ಪೂರ್ತಿ ಮುಚ್ಚಕ್ಕೆ ಆಗಲ್ಲ, ಸೂಜಿ ಮೊನೆ ಹೋಗೋ ಅಷ್ಟು ಸಂದು ಉಳಿಯತ್ತೆ. ಹಂಗೆ ಮಾಡೋದ್ರಿಂದ ಗುಂಡಿನ ತಳ ಒಂದೇ ಸಮ ಬರತ್ತೆ, ನಿಮ್ಮ ಗ್ರೂಪ್ (ಗುಂಡು ಬಿದ್ದ ಜಾಗದ ಅಗಲ) ನಾಣ್ಯದಷ್ಟೇ ಬರೋದು ಅದರಿಂದ್ಲೇ. ಬೇಟೆ ಗುಂಡಲ್ಲಿ ಮೂತಿ ಹತ್ರ ಜಾಕೆಟ್ (ಹೊರಗಿನ ತಾಮ್ರದ ಹೊದಿಕೆ) ತೆಳ್ಳಗೆ, ಕೆಳಗೆ ಬರ್ತಾ ದಪ್ಪ, ಒಳಗೆ ಸೀಸ ಜಾರದೇ ಇರೋ ಹಾಗೆ ಕಟ್ಟು ಇರತ್ತೆ, ಅದಕ್ಕೇ ಮಾಂಸಕ್ಕೆ ತಗುಲಿದ ತಕ್ಷಣ ಮುಂಭಾಗ ಅಗಲ ಆಗತ್ತೆ, ಹಿಂಭಾಗ ಗಟ್ಟಿಯಾಗಿ ಉಳ್ಕೊಂಡು ಒಳಗೆ ತಳ್ಳತ್ತೆ.

ಮ್ಯಾಚ್ ಗುಂಡು ಒಂದ್ಸಲ ನಿಮಗಾದ ಹಾಗೆ ಸೀದಾ ತೂರ್ಕೊಂಡು ಹೋಗತ್ತೆ, ಇನ್ನೊಂದ್ಸಲ ಒಳಗೆ ಅಡ್ಡ ತಿರುಗಿ ಒಡೆದು ಪ್ರಾಣಿ ಅಲ್ಲೇ ಬೀಳತ್ತೆ, ಮತ್ತೊಂದ್ಸಲ ಭುಜದ ಮೂಳೆಗೆ ಬಡಿದು ಮೇಲೇ ಪುಡಿಯಾಗಿ ಶ್ವಾಸಕೋಶದ ತನಕ ಹೋಗೋದೇ ಇಲ್ಲ. ಯಾವಾಗ ಯಾವ್ದು ಅಂತ ಹೇಳಕ್ಕಾಗಲ್ಲ. ಗುಂಡು ಮಾಡೋ ಸಿಯೆರಾ ಕಂಪನಿಯವರೇ ತಮ್ಮ ಮ್ಯಾಚ್‌ಕಿಂಗ್ ಗುಂಡನ್ನ ಬೇಟೆಗೆ ಬಳಸಬೇಡಿ ಅಂತಾರೆ, ಬೇಟೆಗೆ ಅಂತಾನೇ ಗೇಮ್‌ಕಿಂಗ್ ಬೇರೆ ಮಾಡ್ತಾರೆ. ಗುರಿ ಸರಿ ಇದ್ದೂ ಪ್ರಾಣಿ ಪೊದೇಲಿ ನರಳಿ ಸಾಯೋದು ನನಗಂತೂ ತಡಿಯಲ್ಲ.

ಡೆನ್ವರ್_ಕ್ರೀಡ್‌ಮೂರ್
ಇದೆಲ್ಲ ಹಳೇ ಕಾಲದ ಮಾತು ಗುರು. ನಾನು 6.5 ಕ್ರೀಡ್‌ಮೂರ್ ರೈಫಲ್ಲಲ್ಲಿ ಹಾರ್ನಡಿ ಕಂಪನಿಯ 147 ಗ್ರೇನ್ ಇಎಲ್‌ಡಿ ಮ್ಯಾಚ್ ಗುಂಡು ಹಾಕ್ತೀನಿ, ಮ್ಯೂಲ್ ಡಿಯರ್ ಎಲ್ಲ ನಿಂತಲ್ಲೇ ಕುಸಿದಿವೆ. ಕಾರ್ಬನ್ ಬ್ಯಾರಲ್, ಚಾಸಿ, ಮೇಲೆ ಸಪ್ರೆಸರ್, ಸ್ಕೋಪ್ ಒಂದಕ್ಕೇ ರೈಫಲ್‌ಗಿಂತ ಜಾಸ್ತಿ ಕೊಟ್ಟಿದೀನಿ. ಅಮೆರಿಕನ್ ಆರ್ಮಿ ಸ್ನೈಪರ್‌ಗಳೇ 175 ಗ್ರೇನ್ ಮ್ಯಾಚ್‌ಕಿಂಗ್ ಹೊಡೀತಿದ್ರು, ಜಿಂಕೆಗೆ ಸಾಲಲ್ವಾ?

ರೀಲೋಡರ್_ರಾವ್
ಆರ್ಮಿ ಸ್ನೈಪರ್‌ಗಳ ಎಂ118 ಎಲ್‌ಆರ್ ತೋಟೆಯಲ್ಲಿ ಅದೇ ಗುಂಡು ಇತ್ತು, ನಿಜ. ಆದ್ರೆ ದೇಹದೊಳಗೆ ಸಲೀಸಾಗಿ ಬಿರಿಯೋ ಗುಂಡನ್ನ ಯುದ್ಧದಲ್ಲಿ ಬಳಸಬಾರದು ಅಂತ 1899ರ ಹೇಗ್ ಘೋಷಣೆ ಇದೆ. ಅದಕ್ಕೆ ಕಾರಣ ಆಗಿದ್ದೇ ನಮ್ಮ ಕೋಲ್ಕತ್ತಾ ಹತ್ರದ ದಮ್ ದಮ್ ಕಾರ್ಖಾನೇಲಿ ಬ್ರಿಟಿಷರು ಮಾಡಿದ ಗುಂಡು. ಮ್ಯಾಚ್ ಗುಂಡು ಬಿರಿಯೋಕೆ ಅಂತ ಮಾಡಿದ್ದಲ್ಲ, ದೂರಕ್ಕೆ ನಿಖರವಾಗಿ ಹೋಗಕ್ಕೆ ಮಾಡಿದ್ದು ಅಂತಾನೇ ಆರ್ಮಿ ವಕೀಲರು ಅದಕ್ಕೆ ಒಪ್ಪಿಗೆ ಕೊಟ್ಟಿದ್ದು. ಬೇಟೇಲಿ ನಮಗೆ ಬೇಕಿರೋದು ಬಿರಿಯೋದೇ. ನಿಮ್ಮ ಇಎಲ್‌ಡಿ ಮ್ಯಾಚ್‌ಗೆ ಪ್ಲಾಸ್ಟಿಕ್ ಮೂತಿ ಇದೆ, ಗೌಡರ ಗುಂಡಿಗಿಂತ ಬೇಗ ಒಡಿಯತ್ತೆ, ಒಪ್ತೀನಿ. ಆದ್ರೂ ಹಾರ್ನಡಿಯವರು ಬೇಟೆಗೆ ಅಂತ ಇಎಲ್‌ಡಿ ಎಕ್ಸ್ ಬೇರೆ ಮಾಡಿರೋದು ಸುಮ್ನೆ ಅಲ್ಲ.

ಡೆನ್ವರ್_ಕ್ರೀಡ್‌ಮೂರ್
ಮಾರ್ಕೆಟಿಂಗ್ ಅಷ್ಟೇ ಅದು. ಅನುಭವದ ಮುಂದೆ ಕಂಪನಿ ಹೇಳೋದನ್ನ ನಾನು ನಂಬಲ್ಲ.

ಮಡಿಕೇರಿ_ಕೋವಿ
ನಮ್ಮಲ್ಲಿ ಕೈಲ್‌ಪೊಳ್ದ್ (ಕೊಡವರ ಆಯುಧ ಹಬ್ಬ) ಟೈಮಲ್ಲಿ ಮರದ ತುದೀಲಿರೋ ತೆಂಗಿನಕಾಯಿಗೆ ಗುಂಡು ಹೊಡಿಯೋ ಪಂದ್ಯ ಇರತ್ತೆ, ಅಲ್ಲಿ ಕಾಯಿಗೆ ತಗುಲಿದ್ರೆ ಮುಗೀತು, ಗುಂಡು ಏನಾದ್ರೂ ಆಗ್ಲಿ. 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಶಿಕಾರಿ ನಿಂತೋಯ್ತು. ನಮ್ಮ ತಾತ ಶಿಕಾರಿ ಮಾಡ್ತಿದ್ದ ಕಾಲ್ದಲ್ಲಿ ಹಂದಿಗೆ ಒಂದು ತೋಟೆ, ಹಕ್ಕಿಗೆ ಚರೆ ಅಂತ ಬೇರೆ ಬೇರೆ ಇಟ್ಕೊಳ್ತಿದ್ರಂತೆ. ಅವರ ತೋಟೆ ಕೋವಿ ಇನ್ನೂ ಮನೇಲಿದೆ, ನಳಿಗೆ ಒಳಗೆ ಕನ್ನಡಿ ಥರ ಹೊಳೀತದೆ, ಫೋಟೋ ಹಾಕ್ಲಾ?

ಡೆನ್ವರ್_ಕ್ರೀಡ್‌ಮೂರ್
ಹಾಕಿ ಹಾಕಿ! ನನ್ನದೂ ಹಾಕ್ತೀನಿ, ಹೊಸ ಬೈಪಾಡ್ ಬಂದಿದೆ.

ಬೇ_ಏರಿಯಾ_ಶೆಟ್ಟಿ
ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಈ ಜಗಳಾನೇ ಇಲ್ಲ, 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡೇ ಬ್ಯಾನ್. ಕಾಂಡರ್ ಹದ್ದುಗಳು ಸೀಸ ಇರೋ ಮಾಂಸ ತಿಂದು ಸಾಯ್ತಿದ್ವು. ನಾನು ಬಾರ್ನ್ಸ್ ಕಂಪನಿಯ ಪೂರ್ತಿ ತಾಮ್ರದ ಗುಂಡು ಹಾಕ್ತೀನಿ, ಎಸಳು ಎಸಳಾಗಿ ಬಿಚ್ಕೊಳತ್ತೆ.

ಟಾರ್ಕ್_ರೆಂಚ್
ತಾಮ್ರದ ಗುಂಡು ಹೊಡೆದ್ರೆ ಬ್ಯಾರಲ್ ತುಂಬಾ ತಾಮ್ರ ಮೆತ್ಕೊಳತ್ತೆ, ಕ್ಲೀನ್ ಮಾಡೋಷ್ಟ್ರಲ್ಲಿ ಸಾಕಾಗೋಗತ್ತೆ.

ಬೇ_ಏರಿಯಾ_ಶೆಟ್ಟಿ
ಹಳೇ ಮಾಡೆಲ್‌ಗೆ ಹಂಗಿತ್ತು, ಈಗ ಗುಂಡಿನ ಮೇಲೆ ಗೀರು ಹಾಕಿರ್ತಾರೆ, ಅಷ್ಟು ಮೆತ್ಕೊಳಲ್ಲ. ನೀವು ಕೊನೇ ಸಲ ಹೊಡೆದಿದ್ದು ಯಾವಾಗ ಸರ್?

ಆಸ್ಟಿನ್_ಗೌಡ
ಜಗಳ ಆಮೇಲೆ ಆಡಿ, ನಾನ್ ಏನ್ ತಗೊಳ್ಲಿ ಹೇಳಿ. 165 ಗ್ರೇನ್ ಸಾಫ್ಟ್ ಪಾಯಿಂಟ್ (ಮೂತೀಲಿ ಸೀಸ ಕಾಣೋ ಬೇಟೆ ಗುಂಡು) ತಂದೆ, ಆದ್ರೆ ಗ್ರೂಪ್ ಒಂದೂಕಾಲು ಇಂಚಿಗೆ ಹೋಗತ್ತೆ, ಮೊದ್ಲಿನಷ್ಟು ಚೆನ್ನಾಗಿಲ್ಲ, ಹಿಂಗಾದ್ರೆ ಹೊಡಿಯೋಕೇ ಮನಸ್ಸು ಬರಲ್ಲ.

ರೀಲೋಡರ್_ರಾವ್
ಒಂದೂಕಾಲು ಇಂಚು ಧಾರಾಳ ಸಾಕು ಗೌಡ್ರೇ. ವೈಟ್‌ಟೇಲ್‌ನ ಹೃದಯ ಶ್ವಾಸಕೋಶ ಸೇರಿ ಅಂದಾಜು 8 ಇಂಚು ಅಗಲ ಇರತ್ತೆ, ಆ ಜಾಗಕ್ಕೆ 200 ಗಜದಲ್ಲೂ ಇದು ಆರಾಮಾಗಿ ಬೀಳತ್ತೆ. ಗುಂಡು ಬದಲಾದ್ಮೇಲೆ ಝೀರೋ (ಗುರಿ ಇಟ್ಟಲ್ಲೇ ಗುಂಡು ಬೀಳೋ ಹಾಗೆ ಸ್ಕೋಪ್ ಹೊಂದಿಸೋದು) ಮತ್ತೆ ಮಾಡ್ಲೇಬೇಕು, ಹಳೇದ್ರಲ್ಲೇ ಕಾಡಿಗೆ ಹೋಗ್ಬೇಡಿ. ದೊಡ್ಡ ಹಂದಿ ಭುಜದ ಮೇಲೆ ದಪ್ಪ ಗಡುಸು ಚರ್ಮ ಇರತ್ತೆ, ಅದಕ್ಕೆ ಸೀಸಾನೂ ಜಾಕೆಟ್ಟೂ ಬೆಸೆದಿರೋ ಬಾಂಡೆಡ್ ಗುಂಡು, ಇಲ್ಲಾ ಶೆಟ್ರು ಹೇಳಿದ ತಾಮ್ರದ್ದು. ನಾಸ್ಲರ್ ಪಾರ್ಟಿಷನ್ ಅನ್ನೋ ಬೇಟೆ ಗುಂಡು ಹುಟ್ಟಿದ್ದೂ ಇಂಥದ್ದೇ ಕಷ್ಟದಿಂದ, ಮೂಸ್ (ದೊಡ್ಡ ಕಡವೆ ಥರದ ಪ್ರಾಣಿ) ಒಂದಕ್ಕೆ ಹೊಡೆದ ಗುಂಡು ಒಳಗೆ ಇಳೀದೇ ಹೋಯ್ತು ಅಂತ ಜಾನ್ ನಾಸ್ಲರ್ ಗುಂಡಿನ ನಡುವೆ ತಾಮ್ರದ ಗೋಡೆ ಇಟ್ಟು 1948ರಲ್ಲಿ ಮಾರಕ್ಕೆ ಶುರು ಮಾಡಿದ್ರು. ಮುಂಭಾಗ ಬಿರಿದು ಹರಿದೋದ್ರೂ ಹಿಂದಿನ ಅರ್ಧ ನುಗ್ತಾ ಇರತ್ತೆ.

ಟಾರ್ಕ್_ರೆಂಚ್
ಝೀರೋ ಮಾಡೋ ಮುಂಚೆ ರಿಂಗ್ ಟೈಟ್ ಮಾಡ್ಕೊಳ್ಳಿ.

ಹಾಸನ್_ಟು_ಡಲ್ಲಾಸ್
ಸಂಬಂಧ ಇಲ್ದೇ ಇರೋ ಪ್ರಶ್ನೆ, ಕ್ಷಮಿಸಿ. ನಾನು ಎಚ್‌1ಬಿ ಮೇಲಿದೀನಿ, ರೈಫಲ್ ತಗೋಬಹುದಾ?

ರೀಲೋಡರ್_ರಾವ್
ವ್ಯಾಲಿಡ್ ಹಂಟಿಂಗ್ ಲೈಸೆನ್ಸ್ ಇದ್ರೆ ನಿಮ್ಮಂಥ ವೀಸಾದವ್ರ ಮೇಲಿರೋ ಫೆಡರಲ್ ನಿಷೇಧದಿಂದ ವಿನಾಯಿತಿ ಇದೆ. ಟೆಕ್ಸಾಸ್‌ನಲ್ಲಿ ಹಂಟರ್ ಎಜುಕೇಶನ್ ಕೋರ್ಸ್ ಮೊದ್ಲು ಮುಗಿಸಿ. ಬೇರೆ ಥ್ರೆಡ್ ಶುರು ಮಾಡಿ, ಅಲ್ಲಿ ವಿವರವಾಗಿ ಬರೀತೀನಿ.

ಡೆನ್ವರ್_ಕ್ರೀಡ್‌ಮೂರ್
ಮೊದಲ್ನೇ ರೈಫಲ್ ಅಂದ್ರೆ 6.5 ಕ್ರೀಡ್‌ಮೂರ್ ತಗೊಳ್ಳಿ, ಯೋಚ್ನೆನೇ ಮಾಡ್ಬೇಡಿ.

ಮಡಿಕೇರಿ_ಕೋವಿ
ಫೋಟೋ ಅಪ್‌ಲೋಡ್ ಆಗ್ತಿಲ್ಲ, ಸೈಜ್ ಎಷ್ಟಿರ್ಬೇಕು?