ಸಹಾಯ ಬೇಕು: ಇಪ್ಪತ್ತರ ಆಧಾರದಲ್ಲಿ ಬಾಲ ಬಿಡದ ಸಂಖ್ಯೆಗಳು

ಇಪ್ಪತ್ತರ ಆಧಾರದಲ್ಲಿ ಸಂಖ್ಯೆಗಳನ್ನು ಬರೆಯುತ್ತಾ ಒಂದು ಕಡೆ ಸಿಕ್ಕಿಕೊಂಡಿದ್ದೇನೆ. (ಹತ್ತೊಂಬತ್ತರವರೆಗೂ ಒಂದೇ ಅಂಕಿಯಾದ್ದರಿಂದ, ಗೊಂದಲ ಬೇಡವೆಂದು ನಡುವೆ ಅಲ್ಪವಿರಾಮ ಹಾಕುತ್ತೇನೆ.) 5ರ ವರ್ಗ 25, ಅಂದರೆ 1,5 (ಒಂದು ಇಪ್ಪತ್ತು, ಐದು ಬಿಡಿ). 16ರ ವರ್ಗ 256, ಅಂದರೆ 12,16. ಎರಡೂ ತಮ್ಮ ಬಾಲವನ್ನು ಹಾಗೆಯೇ ಉಳಿಸಿಕೊಂಡಿವೆ, ಅಂದರೆ ವರ್ಗದ ಕೊನೆಯಲ್ಲಿ ಮೂಲ ಸಂಖ್ಯೆಯೇ ಬರುತ್ತದೆ! ಎರಡಂಕಿಗೆ ಬಂದರೆ 11,5 ಮತ್ತು 8,16, ಅಂದರೆ ದಶಮಾನದ 225 ಮತ್ತು 176, ಇದೇ ಗುಣ ತೋರಿಸುತ್ತವೆ. ಇವನ್ನು ಹುಡುಕುವುದರಲ್ಲೇ ಒಂದು ಸಂಜೆ ಕಳೆಯಿತು. 5 ಮತ್ತು 16 ಕೂಡಿದರೆ 21. 225 ಮತ್ತು 176 ಕೂಡಿದರೆ 401. ಎರಡೂ ಇಪ್ಪತ್ತರ ಘಾತಕ್ಕಿಂತ (20, 400) ಒಂದು ಹೆಚ್ಚು. ಇದು ಕಾಕತಾಳೀಯವಂತೂ ಇರಲಾರದು, ಆದರೆ ಕಾರಣ ಹೊಳೆಯುತ್ತಿಲ್ಲ. ಎಡಕ್ಕೆ ಸೇರಬೇಕಾದ ಮೂರನೆಯ ಅಂಕಿಯನ್ನು, ಇಪ್ಪತ್ತು ಅಂಕಿಗಳನ್ನೂ ಒಂದೊಂದಾಗಿ ಹಾಕಿ ಗುಣಿಸಿ ನೋಡದೆ, ನೇರವಾಗಿ ಪಡೆಯುವ ದಾರಿ ಇದೆಯೇ? ಬಲ್ಲವರು ಒಂದು ಹಂತ ಬಿಡಿಸಿ ತೋರಿಸಿದರೆ ಸಾಕು, ಮುಂದಿನದನ್ನು ನಾನೇ ಮಾಡಿಕೊಳ್ಳುತ್ತೇನೆ.